ಮೂಲದಿಂದ ಮುಂಗಡಕ್ಕೆ: ಕೆನರಾ ಜಿಲ್ಲೆ ಮತ್ತು ಕೊಡಗಿನಲ್ಲಿ ಗುಲಾಮಗಿರಿಯ ರದ್ದತಿ

೧೮೩೩ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದತಿ ಕಾಯ್ದೆಯನ್ನು ಅಂಗೀಕರಿಸಿತು. ೧೮೩೪ರ ಆಗಸ್ಟ್ ೧ರಿಂದ ಅದು ಜಾರಿಗೆ ಬಂದಿತು. ಮಾನವ ಇತಿಹಾಸದ ಮಹತ್ತರ ಶಾಸನಗಳಲ್ಲಿ ಒಂದೆಂದು ಅದನ್ನು ಇಂದಿಗೂ ಸ್ಮರಿಸಲಾಗುತ್ತದೆ. ಆದರೆ ಅದೇ ಕಾಯ್ದೆಯ ೬೪ನೆಯ ಕಲಮು ಅಷ್ಟಾಗಿ ಸ್ಮರಣೆಗೆ ಒಳಗಾಗಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧೀನದಲ್ಲಿರುವ ಪ್ರದೇಶಗಳಿಗೂ ಸಿಲೋನ್ ಹಾಗೂ ಸೇಂಟ್ ಹೆಲೆನಾ ದ್ವೀಪಗಳಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಆ ಕಲಮು ಸಾರುತ್ತದೆ. ಸಾಮ್ರಾಜ್ಯದ ಅತ್ಯಂತ ದೊಡ್ಡ ಜನಸಮುದಾಯವನ್ನು ಹೀಗೆ ಒಂದು ವಾಕ್ಯದಲ್ಲಿ ಬಿಡುಗಡೆಯ ಹೊರಗಿಡಲಾಯಿತು. ಹೊರಗುಳಿದವರಲ್ಲಿ ಅರಬ್ಬೀ ಸಮುದ್ರದ ತೀರದ ಕೆನರಾ ಜಿಲ್ಲೆಯ ಮೂಲದಾಳುಗಳೂ ಅದೇ ವರ್ಷಗಳಲ್ಲಿ ಕಂಪನಿಯ ವಶವಾದ ಕೊಡಗಿನ ಜಮ್ಮದ ಆಳುಗಳೂ ಇದ್ದರು.

ಈ ಜನರ ಬಿಡುಗಡೆ ಯಾವಾಗ, ಹೇಗೆ ನಡೆಯಿತು, ಬಿಡುಗಡೆಯೆಂದು ಕರೆಯಲಾದುದರಲ್ಲಿ ಅವರಿಗೆ ದೊರೆತದ್ದೇನು ಎಂಬುದು ಕರ್ನಾಟಕದ ಸಾಮಾಜಿಕ ಚರಿತ್ರೆಯ ಮುಖ್ಯ ಪ್ರಶ್ನೆ. ವಸಾಹತುಶಾಹಿ ಆಡಳಿತದ ಕಾನೂನುಗಳನ್ನು ಒಂದೊಂದಾಗಿ ನೋಡಿದರೆ ಅವು ಪ್ರಗತಿಯ ಮೆಟ್ಟಿಲುಗಳಂತೆ ತೋರುತ್ತವೆ. ಒಟ್ಟಿಗಿಟ್ಟು ನೋಡಿದಾಗ ಬೇರೆಯೇ ಚಿತ್ರ ಕಾಣುತ್ತದೆ. ೧೮೪೩ರಲ್ಲಿ ಕಾನೂನು ಒಡೆಯನ ಹಕ್ಕಿನ ಮೇಲಿಂದ ತನ್ನ ಕೈಯನ್ನು ಹಿಂತೆಗೆದುಕೊಂಡಿತು. ೧೮೫೯ರಲ್ಲಿ ಅದೇ ಕೈಯನ್ನು ಮುಂಗಡ ಕೊಟ್ಟ ಧಣಿಯ ಪರವಾಗಿ ಮತ್ತೆ ಚಾಚಿತು. ಹುಟ್ಟಿನ ಹೆಸರಿನಲ್ಲಿದ್ದ ಬಂಧನ ಒಪ್ಪಂದದ ಹೆಸರನ್ನು ಪಡೆಯಿತು. ಈ ಸ್ಥಿತ್ಯಂತರವನ್ನು ಮುಂದಿನ ಪುಟಗಳಲ್ಲಿ ಪರಿಶೀಲಿಸಲಾಗಿದೆ. ಸಮುದಾಯಗಳ ಹೆಸರುಗಳನ್ನು ಆ ಕಾಲದ ದಾಖಲೆಗಳಲ್ಲಿ ಇರುವಂತೆ, ಚಾರಿತ್ರಿಕ ಅಗತ್ಯಕ್ಕಾಗಿ ಮಾತ್ರ ಬಳಸಲಾಗಿದೆ.

ಕೂಲಿಯಾಳು ಮತ್ತು ಮೂಲದಾಳು

೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೆನರಾ ಪ್ರದೇಶ ಕಂಪನಿಯ ಆಳ್ವಿಕೆಗೆ ಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ೧೮೦೦-೦೧ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಪ್ರವಾಸ ಮಾಡಿದನು. ಅವನ ವರದಿ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬೆಳೆ, ಭತ್ತದ ಅಳತೆ, ಗೇಣಿ, ಕಂದಾಯಗಳ ವಿವರಗಳ ನಡುವೆ ಬೇಸಾಯದ ದುಡಿಮೆಗಾರರನ್ನು ಅವನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಕೂಲಿಗೆ ದುಡಿಯುವವರು ಕೂಲಿಯಾಳುಗಳು. ಕೊಂಡು ತಂದವರು, ಅಂದರೆ ಗುಲಾಮರು, ಮೂಲದಾಳುಗಳು. ತುಳುನಾಡಿನ ಕೊರಗರನ್ನೂ ಅವನು ಗುಲಾಮ ಸ್ಥಿತಿಯಲ್ಲಿದ್ದವರೆಂದು ಗುರುತಿಸಿದ್ದಾನೆ.

ಕೆನರಾದ ಭೂಸಂಬಂಧಗಳ ಪರಿಭಾಷೆಯಲ್ಲಿ ‘ಮೂಲ’ ಎಂಬುದು ಗೌರವದ ಶಬ್ದ. ಮೂಲವರ್ಗವೆಂದರೆ ವಂಶಪಾರಂಪರ್ಯವಾಗಿ ಅನುಭವಿಸುವ ಭೂಮಿ. ಮೂಲಗೇಣಿಯೆಂದರೆ ತೆರವುಗೊಳಿಸಲಾಗದ ಶಾಶ್ವತ ಗೇಣಿ. ಇದೇ ಶಬ್ದ ಆಳಿನ ಹಿಂದೆ ಸೇರಿದಾಗ ಅದರ ಅರ್ಥ ತಲೆಕೆಳಗಾಗುತ್ತದೆ. ಭೂಮಿಯ ಮೇಲೆ ವರ್ಗದಾರನಿಗೆ ಶಾಶ್ವತ ಹಕ್ಕು, ಗೇಣಿಯ ಮೇಲೆ ಮೂಲಗೇಣಿದಾರನಿಗೆ ಶಾಶ್ವತ ಹಕ್ಕು. ಮೂಲದಾಳಿಗೆ ಶಾಶ್ವತವಾದದ್ದು ದುಡಿಮೆಯ ಬಾಧ್ಯತೆಯೊಂದೇ. ಸಾಲದಿಂದ ಬಂದ ಬಂಧನವೂ ಇದರ ಜೊತೆಗಿತ್ತು. ಮದುವೆಯ ಖರ್ಚಿಗೆ ಧಣಿಯಿಂದ ಹಣ ಪಡೆದವನು ಆ ಸಾಲ ತೀರುವವರೆಗೆ ಆಳಾಗಿ ಉಳಿಯಬೇಕಾಗಿತ್ತು. ಕೂಲಿಯನ್ನು ಭತ್ತದಲ್ಲಿ ಅಳೆದು ಕೊಡುತ್ತಿದ್ದ ವ್ಯವಸ್ಥೆಯಲ್ಲಿ ಹಣದ ಸಾಲವನ್ನು ತೀರಿಸುವ ದಾರಿ ಕಿರಿದಾಗಿತ್ತು.

ಮದರಾಸಿನ ರೆವೆನ್ಯೂ ಮಂಡಳಿ ೧೮೧೯ರಲ್ಲಿ ಗುಲಾಮರ ಸ್ಥಿತಿಗತಿಯ ಬಗ್ಗೆ ಕಲೆಕ್ಟರುಗಳಿಂದ ವರದಿ ತರಿಸಿಕೊಂಡಿತು. ಕೆನರಾದ ಕಲೆಕ್ಟರ್ ಥಾಮಸ್ ಹ್ಯಾರಿಸ್ ತನ್ನ ಜಿಲ್ಲೆಯಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕಿ ಗುಲಾಮರಿದ್ದಾರೆಂದು ಅಂದಾಜು ಮಾಡಿದನು. ಸಂಖ್ಯೆಯ ಹೊರತಾಗಿ ಈ ಜನರ ಬಗ್ಗೆ ಕಡತಗಳು ಹೇಳುವುದು ತೀರ ಕಡಿಮೆ. ನೇಜಿ ನೆಟ್ಟ, ಕೊಯ್ಲು ಮಾಡಿದ, ಹೊರೆ ಹೊತ್ತ ಹೆಂಗಸರು ಮತ್ತು ಗಂಡಸರು ಅಲ್ಲಿ ಜಾತಿಯ ಹೆಸರಿನಿಂದಲೋ ತಲೆಯ ಲೆಕ್ಕದಿಂದಲೋ ಮಾತ್ರ ಕಾಣಿಸಿಕೊಳ್ಳುತ್ತಾರೆ. ತುಳುವಿನ ಮೌಖಿಕ ಪರಂಪರೆ ಈ ವಿಷಯದಲ್ಲಿ ಕಡತಕ್ಕಿಂತ ಉದಾರವಾದುದು. ದೇವಸ್ಥಾನಕ್ಕೆ ಹೊರೆ ಹೊತ್ತು ಹೋಗಿಯೂ ಒಳಗೆ ಪ್ರವೇಶವಿಲ್ಲದೆ ಹೊರಗೇ ನಿಂತು, ಕೊನೆಗೆ ಮಾಯವಾಗಿ ದೈವವಾದ ಕೊರಗತನಿಯನ ಕಥನವು ಪಾಡ್ದನದಲ್ಲಿ ಉಳಿದುಬಂದಿದೆ. ಅಲ್ಲಿ ಹೊರೆ ಹೊತ್ತವನಿಗೆ ಹೆಸರಿದೆ, ಸಾಕಿದ ತಾಯಿಯಿದ್ದಾಳೆ, ಆದ ಅನ್ಯಾಯದ ನೆನಪಿದೆ.

ಕೊಡಗಿನ ಪರಿಸ್ಥಿತಿ ಸ್ವಲ್ಪ ಭಿನ್ನವಾಗಿತ್ತು. ೧೮೩೪ರಲ್ಲಿ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕಂಪನಿ ಆ ರಾಜ್ಯವನ್ನು ವಶಪಡಿಸಿಕೊಂಡಿತು. ಅಲ್ಲಿನ ಆಳುಗಳಲ್ಲಿ ಎರಡು ಬಗೆಯನ್ನು ಆಡಳಿತದ ದಾಖಲೆಗಳು ಹೇಳುತ್ತವೆ. ಭೂಮಿ ಜಮ್ಮದ ಆಳುಗಳು ಭೂಮಿಗೆ ಅಂಟಿಕೊಂಡವರು. ಭೂಮಿಯನ್ನು ಬಿಟ್ಟು ಅವರನ್ನು ಬೇರೆಡೆಗೆ ಮಾರುವಂತಿರಲಿಲ್ಲ. ಒಕ್ಕಲು ಜಮ್ಮದ ಆಳುಗಳು ಮನೆತನದ ಸ್ವತ್ತು. ಅವರನ್ನು ಮಾರಬಹುದಾಗಿತ್ತು, ಅಡವಿಡಬಹುದಾಗಿತ್ತು. ಇವರಲ್ಲದೆ ಅರಸನ ಸ್ವಂತ ಕೃಷಿಭೂಮಿಗಳಾದ ಪಣ್ಯಗಳಲ್ಲಿ ದುಡಿಯುವ ಆಳುಗಳೂ ಇದ್ದರು. ರಾಜ್ಯವನ್ನು ಗೆದ್ದ ಕಂಪನಿ ಅರಸನ ಆಸ್ತಿಗೆ ಉತ್ತರಾಧಿಕಾರಿಯಾದುದರಿಂದ ಪಣ್ಯದ ಆಳುಗಳಿಗೂ ಒಡೆಯನಾಯಿತು. ಲಂಡನ್ನಿನಲ್ಲಿ ರದ್ದತಿ ಕಾಯ್ದೆ ಜಾರಿಗೆ ಬಂದ ವರ್ಷದಲ್ಲಿಯೇ ಬ್ರಿಟಿಷ್ ಆಡಳಿತವೊಂದು ಕೊಡಗಿನಲ್ಲಿ ಹೊಸದಾಗಿ ಗುಲಾಮರ ಒಡೆತನವನ್ನು ಪಡೆದುಕೊಂಡಿತು. ಈ ಸರ್ಕಾರಿ ಆಳುಗಳನ್ನು ಮುಂದಿನ ವರ್ಷಗಳಲ್ಲಿ ಬಿಡುಗಡೆ ಮಾಡಲಾಯಿತು. ಖಾಸಗಿ ಮನೆತನಗಳ ಆಳುಗಳ ಗೊಡವೆಗೆ ಆಡಳಿತ ಹೋಗಲಿಲ್ಲ.

ಕಂದಾಯದ ಲೆಕ್ಕದೊಳಗಿನ ಮನುಷ್ಯ

ಗುಲಾಮಗಿರಿ ಈ ನೆಲದ ಹಳೆಯ ಪದ್ಧತಿ. ಬ್ರಿಟಿಷರು ಅದನ್ನು ಸೃಷ್ಟಿಸಲಿಲ್ಲ. ಜಾತಿವ್ಯವಸ್ಥೆಯೂ ಭೂಒಡೆತನವೂ ಸೇರಿ ಅದನ್ನು ಶತಮಾನಗಳ ಕಾಲ ಪೋಷಿಸಿದ್ದವು. ಈ ಸತ್ಯವನ್ನು ಮರೆಮಾಚಿ ವಸಾಹತುಶಾಹಿಯೊಂದನ್ನೇ ದೂಷಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಆದರೆ ಕಂಪನಿ ಈ ಪದ್ಧತಿಯ ತಟಸ್ಥ ಪ್ರೇಕ್ಷಕನಾಗಿತ್ತೆಂಬ ವಾದವೂ ನಿಲ್ಲುವುದಿಲ್ಲ. ಕೆನರಾದಲ್ಲಿ ಕಂಪನಿಯ ಆದಾಯದ ಮುಖ್ಯ ಮೂಲ ಭೂಕಂದಾಯ. ಅದನ್ನು ತೆರುವವನು ವರ್ಗದಾರ. ಅವನ ಗದ್ದೆಯಲ್ಲಿ ದುಡಿಯುವವನು ಮೂಲದಾಳು. ಆಳನ್ನು ಬಿಡಿಸಿದರೆ ಗದ್ದೆ ಪಾಳು ಬೀಳುತ್ತದೆ, ಗದ್ದೆ ಪಾಳು ಬಿದ್ದರೆ ಕಂದಾಯ ನಿಲ್ಲುತ್ತದೆ ಎಂಬ ಅಂಜಿಕೆ ಅಧಿಕಾರಿಗಳ ಚಿಂತನೆಯಲ್ಲಿ ಸದಾ ಕೆಲಸ ಮಾಡುತ್ತಿತ್ತು.

ನೆರೆಯ ಮಲಬಾರಿನಲ್ಲಿ ಈ ಸಂಬಂಧ ಇನ್ನೂ ನೇರವಾಗಿತ್ತು. ಅಲ್ಲಿ ಗುಲಾಮರನ್ನು ಜನ್ಮ, ಕಾಣ, ಪಾಟ್ಟ ಎಂಬ ಮೂರು ರೀತಿಗಳಲ್ಲಿ, ಅಂದರೆ ಮಾರಾಟ, ಅಡವು ಮತ್ತು ಗೇಣಿಯ ಮೂಲಕ, ವರ್ಗಾಯಿಸಲಾಗುತ್ತಿತ್ತೆಂದು ಬುಕಾನನ್ ದಾಖಲಿಸಿದ್ದಾನೆ. ಭೂಮಿಗೆ ಸಂಬಂಧಿಸಿದ ಈ ಮೂರು ಶಬ್ದಗಳೇ ಮನುಷ್ಯರಿಗೂ ಅನ್ವಯವಾಗುತ್ತಿದ್ದುದು ಗಮನಾರ್ಹ. ಕಂದಾಯ ಬಾಕಿ ಉಳಿದಾಗ ಭೂಮಾಲೀಕನ ಗುಲಾಮರನ್ನೂ ಜಪ್ತಿ ಮಾಡಿ ಹರಾಜು ಹಾಕುವ ಪದ್ಧತಿಯನ್ನು ಕಂಪನಿಯ ಅಧಿಕಾರಿಗಳು ನಡೆಸಿಕೊಂಡು ಬಂದಿದ್ದರು. ೧೮೧೯ರಲ್ಲಿ ಇದನ್ನು ನಿಲ್ಲಿಸುವಂತೆ ಆದೇಶವಾಯಿತು. ಕಂಪನಿಯ ಆಳ್ವಿಕೆಯ ಮೊದಲ ಎರಡು ದಶಕಗಳಲ್ಲಿ ಅಲ್ಲಿ ಸರ್ಕಾರವೇ ಮನುಷ್ಯರ ಮಾರಾಟಗಾರನಾಗಿತ್ತೆಂಬುದಕ್ಕೆ ಈ ಆದೇಶವೇ ಪುರಾವೆ.

ಕಣ್ಣೂರಿನ ಸಮೀಪದ ಅಂಜರಕಂಡಿಯ ಪ್ರಕರಣ ಇದಕ್ಕಿಂತಲೂ ಮುಂದಿನದು. ೧೭೯೭ರಲ್ಲಿ ಕಂಪನಿ ಅಲ್ಲಿ ಸಂಬಾರ ಬೆಳೆಗಳ ತೋಟವೊಂದನ್ನು ಸ್ಥಾಪಿಸಿ ಮರ್ಡೋಕ್ ಬ್ರೌನ್ ಎಂಬವನನ್ನು ಮೇಲ್ವಿಚಾರಕನನ್ನಾಗಿ ನೇಮಿಸಿತು. ಬಳಿಕ ತೋಟ ಅವನ ಹಿಡುವಳಿಯೇ ಆಯಿತು. ಬ್ರಿಟಿಷ್ ಸಂಸತ್ತು ೧೮೦೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿ, ೧೮೧೧ರಲ್ಲಿ ಅದನ್ನು ಘೋರ ಅಪರಾಧವೆಂದು ಘೋಷಿಸಿತ್ತು. ಅದೇ ೧೮೧೧-೧೨ರ ಅವಧಿಯಲ್ಲಿ ತಲಚೇರಿಯ ಮ್ಯಾಜಿಸ್ಟ್ರೇಟ್ ಥಾಮಸ್ ಬೇಬರ್ ನಡೆಸಿದ ತನಿಖೆಯಲ್ಲಿ, ತಿರುವಾಂಕೂರಿನಿಂದ ಅಪಹರಿಸಿ ತಂದ ಮಕ್ಕಳೂ ವಯಸ್ಕರೂ ಈ ತೋಟದಲ್ಲಿ ದುಡಿಯುತ್ತಿರುವುದು ಪತ್ತೆಯಾಯಿತು. ಬೇಬರ್ ಅವರನ್ನು ಬಿಡಿಸಿದನು. ತೋಟ ಮಾತ್ರ ಬ್ರೌನ್ ಕುಟುಂಬದ ಕೈಯಲ್ಲಿಯೇ ದೀರ್ಘಕಾಲ ಮುಂದುವರಿಯಿತು. ಬೇಬರ್ ೧೮೩೦ರ ದಶಕದ ಆರಂಭದಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಮಲಬಾರ್ ಮತ್ತು ಕೆನರಾದ ಗುಲಾಮಗಿರಿಯ ಬಗ್ಗೆ ಸಾಕ್ಷ್ಯ ನುಡಿದವರಲ್ಲಿ ಒಬ್ಬನಾದನು. ಸ್ಥಳೀಯ ಪದ್ಧತಿಯಲ್ಲಿ ಹಸ್ತಕ್ಷೇಪ ಮಾಡಬಾರದೆಂಬ ವಾದವನ್ನು ಮುಂದಿಟ್ಟ ಆಡಳಿತದ ನೆರಳಿನಲ್ಲಿಯೇ, ಪದ್ಧತಿಗೂ ಒಳಪಡದ ಕದ್ದ ಮನುಷ್ಯರ ದುಡಿಮೆ ನಡೆದಿತ್ತೆಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಲಂಡನ್ನಿನಿಂದ ಕಲ್ಕತ್ತೆಗೆ

೧೮೩೩ರಲ್ಲಿ ಸಂಸತ್ತಿನ ಮುಂದೆ ಎರಡು ಮಸೂದೆಗಳು ಏಕಕಾಲದಲ್ಲಿದ್ದವು. ಒಂದು ಗುಲಾಮಗಿರಿ ರದ್ದತಿಯದು; ಇನ್ನೊಂದು ಕಂಪನಿಯ ಸನದನ್ನು ನವೀಕರಿಸುವ ಮಸೂದೆ. ಎರಡನೆಯದರ ಮೊದಲ ಕರಡಿನಲ್ಲಿ ೧೮೩೭ರ ಏಪ್ರಿಲ್ ತಿಂಗಳೊಳಗೆ ಭಾರತದಲ್ಲಿ ಗುಲಾಮಗಿರಿ ಕೊನೆಗೊಳ್ಳಬೇಕೆಂಬ ಗಡುವು ಇತ್ತು. ಪ್ರತಿರೋಧದ ಬಳಿಕ ಆ ಗಡುವನ್ನು ಕೈಬಿಡಲಾಯಿತು. ಗುಲಾಮರ ಸ್ಥಿತಿಯನ್ನು ಸುಧಾರಿಸಿ, ಸಾಧ್ಯವಾದಷ್ಟು ಬೇಗ ಗುಲಾಮಗಿರಿಯನ್ನು ಕೊನೆಗಾಣಿಸುವ ಬಗ್ಗೆ ಗವರ್ನರ್ ಜನರಲ್ ಆಲೋಚಿಸತಕ್ಕದ್ದು ಎಂಬ ಮೃದುವಾದ ಸೂಚನೆಯಷ್ಟೇ ಸನದು ಕಾಯ್ದೆಯ ೮೮ನೆಯ ಕಲಮಿನಲ್ಲಿ ಉಳಿಯಿತು.

ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಒಡೆಯರಿಗೆ ಪರಿಹಾರವಾಗಿ ಎರಡು ಕೋಟಿ ಪೌಂಡುಗಳನ್ನು ಸಂಸತ್ತು ಮಂಜೂರು ಮಾಡಿತು. ಪರಿಹಾರ ಹಂಚಲು ಪ್ರತಿಯೊಬ್ಬ ಗುಲಾಮನನ್ನೂ ಹೆಸರು, ವಯಸ್ಸು, ಕೆಲಸಗಳ ಸಹಿತ ಪಟ್ಟಿ ಮಾಡಬೇಕಾಯಿತು. ಬಿಡುಗಡೆಯಾದವನಿಗೆ ಒಂದು ಕಾಸೂ ದೊರೆಯಲಿಲ್ಲ. ಮೇಲಾಗಿ ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ೧೮೩೮ರವರೆಗೆ ಹಳೆಯ ಒಡೆಯನ ಬಳಿಯೇ ದುಡಿಯಬೇಕಾಯಿತು. ಆದರೂ ಬೆಲೆ ಕಟ್ಟಿದ ಕಾರಣಕ್ಕಾಗಿ ಅವನ ಹೆಸರು ಕಡತದಲ್ಲಿ ಉಳಿಯಿತು. ಭಾರತದಲ್ಲಿ ಒಡೆಯನಿಗೂ ಪರಿಹಾರವಿಲ್ಲ, ಆಳಿಗೂ ಪರಿಹಾರವಿಲ್ಲ. ಆದುದರಿಂದ ಪಟ್ಟಿಯೂ ಇಲ್ಲ. ಕಂಪನಿಯ ಭಾರತದಲ್ಲಿ ಗುಲಾಮರೆಷ್ಟಿದ್ದರೆಂಬ ಅಂದಾಜುಗಳು ಹತ್ತು ಲಕ್ಷದ ಆಸುಪಾಸಿನಿಂದ ಸರ್ ಬಾರ್ಟಲ್ ಫ್ರಿಯರ್ ಹೇಳಿದ ಎಂಬತ್ತು-ತೊಂಬತ್ತು ಲಕ್ಷದವರೆಗೆ ಹರಡಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

೧೮೩೯ರಲ್ಲಿ ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮತ್ತು ವಿದೇಶೀ ಗುಲಾಮಗಿರಿ ವಿರೋಧಿ ಸಂಘ ಸ್ಥಾಪನೆಯಾಯಿತು. ರಾಜಾ ರಾಮಮೋಹನ ರಾಯರ ಒಡನಾಡಿಯಾಗಿದ್ದ ವಿಲಿಯಂ ಆಡಂ ಬ್ರಿಟಿಷ್ ಭಾರತದ ಗುಲಾಮಗಿರಿಯ ಕಾನೂನು ಮತ್ತು ರೂಢಿಗಳ ಕುರಿತು ೧೮೪೦ರಲ್ಲಿ ಪುಸ್ತಕ ಪ್ರಕಟಿಸಿದನು. ಅದೇ ವರ್ಷ ಲಂಡನ್ನಿನಲ್ಲಿ ಜರುಗಿದ ವಿಶ್ವ ಸಮ್ಮೇಳನದಲ್ಲಿ ಭಾರತದ ವಿಷಯ ಚರ್ಚೆಗೆ ಬಂದಿತು. ಭಾರತೀಯ ಕಾನೂನು ಆಯೋಗದ ವಿಸ್ತಾರವಾದ ವರದಿ ೧೮೪೧ರಲ್ಲಿ ಹೊರಬಂದಿತು. ಕೆನರಾ, ಮಲಬಾರ್, ಕೊಡಗುಗಳ ಸಾಕ್ಷ್ಯಗಳೂ ಅದರಲ್ಲಿ ಸೇರಿದ್ದವು. ಆಯೋಗದ ಸದಸ್ಯರಲ್ಲಿ ಒಮ್ಮತವಿರಲಿಲ್ಲ. ಭಾರತದ ಗುಲಾಮಗಿರಿ ಅಮೆರಿಕೆಯದಕ್ಕಿಂತ ಸೌಮ್ಯವಾದುದು, ಬರಗಾಲದಲ್ಲಿ ಬಡವನಿಗೆ ಆಸರೆಯಾದುದು ಎಂಬ ವಾದವೂ ಬಲವಾಗಿತ್ತು. ಈ ವಾದಕ್ಕೆ ಹಿನ್ನೆಲೆಯಾಗಿದ್ದ ರಾಜಕೀಯ ಸ್ಥಿತಿಯನ್ನೂ ನೆನೆಯಬೇಕು. ಕೆನರಾದಲ್ಲಿ ೧೮೩೦-೩೧ರಲ್ಲಿ ಕಂದಾಯದ ವಿರುದ್ಧ ರೈತರ ಕೂಟಗಳು ನಡೆದಿದ್ದವು. ೧೮೩೭ರಲ್ಲಿ ಸುಳ್ಯ, ಪುತ್ತೂರುಗಳಿಂದ ಹೊರಟ ಬಂಡಾಯಗಾರರು ಮಂಗಳೂರನ್ನು ಪ್ರವೇಶಿಸಿದ್ದರು. ಇಂತಹ ಸೀಮೆಯಲ್ಲಿ ಭೂಮಾಲೀಕ ವರ್ಗವನ್ನು ಕೆರಳಿಸುವ ಸುಧಾರಣೆಗೆ ಕೈಹಾಕಲು ಆಡಳಿತಕ್ಕೆ ಉತ್ಸಾಹವಿರಲಿಲ್ಲ.

೧೮೪೩ರ ಐದನೆಯ ಕಾಯ್ದೆ

ಕೊನೆಗೆ ೧೮೪೩ರ ಏಪ್ರಿಲ್ ೭ರಂದು ಐದನೆಯ ಕಾಯ್ದೆ ಅಂಗೀಕಾರವಾಯಿತು. ಅದರಲ್ಲಿರುವುದು ನಾಲ್ಕೇ ಕಲಮುಗಳು. ನ್ಯಾಯಾಲಯದ ಡಿಕ್ರಿಗಾಗಿಯಾಗಲಿ ಕಂದಾಯ ಅಥವಾ ಗೇಣಿಯ ವಸೂಲಿಗಾಗಿಯಾಗಲಿ ಯಾವ ಸರ್ಕಾರಿ ಅಧಿಕಾರಿಯೂ ಗುಲಾಮನೆಂಬ ಕಾರಣದಿಂದ ಯಾರನ್ನೂ ಮಾರಕೂಡದು ಎಂಬುದು ಮೊದಲನೆಯದು. ಮನುಷ್ಯನ ಮೇಲೆ ಸ್ವತ್ತಿನ ಹಕ್ಕಿದೆಯೆಂಬ ವಾದವನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಕೂಡದು ಎಂಬುದು ಎರಡನೆಯದು. ಸ್ವಂತ ದುಡಿಮೆಯಿಂದಲೋ ವಾರಸಿನಿಂದಲೋ ಬಂದ ಆಸ್ತಿಯನ್ನು ಗುಲಾಮನೆಂಬ ಕಾರಣಕ್ಕೆ ಯಾರಿಂದಲೂ ಕಸಿದುಕೊಳ್ಳಕೂಡದು ಎಂಬುದು ಮೂರನೆಯದು. ಸ್ವತಂತ್ರ ವ್ಯಕ್ತಿಗೆ ಎಸಗಿದರೆ ಅಪರಾಧವಾಗುವ ಕೃತ್ಯ ಗುಲಾಮನೆನಿಸಿಕೊಂಡವನಿಗೆ ಎಸಗಿದಾಗಲೂ ಅಪರಾಧವೇ ಎಂಬುದು ನಾಲ್ಕನೆಯದು. ಕೊನೆಯದು ೧೮೩೭ರ ದಂಡಸಂಹಿತೆಯ ಕರಡಿನಲ್ಲಿ ಮೆಕಾಲೆ ಮತ್ತು ಅವನ ಸಹವರ್ತಿಗಳು ಮಂಡಿಸಿದ್ದ ವಿಚಾರ.

ಈ ಕಾಯ್ದೆಯ ಮಹತ್ವವನ್ನು ಕಡೆಗಣಿಸಲಾಗದು. ಓಡಿಹೋದ ಆಳನ್ನು ಹಿಡಿದು ತರಲು ಇನ್ನು ಮುಂದೆ ಒಡೆಯ ನ್ಯಾಯಾಲಯದ ಮೊರೆ ಹೋಗುವಂತಿರಲಿಲ್ಲ. ಆಳನ್ನು ಹೊಡೆದ ಒಡೆಯ, ಕನಿಷ್ಠ ಕಾನೂನಿನ ಪುಟದಲ್ಲಿ, ಅಪರಾಧಿಯಾದನು. ಆದರೆ ಕಾಯ್ದೆ ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಹೆಚ್ಚು. ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧವೆಂದು ಅದು ಸಾರಲಿಲ್ಲ. ಬಿಡುಗಡೆಯಾದ ಆಳಿಗೆ ಆ ಸಂಗತಿಯನ್ನು ತಿಳಿಸುವ ಹೊಣೆಯನ್ನು ಯಾರಿಗೂ ವಹಿಸಲಿಲ್ಲ. ಗುಡಿಸಲ ಜಾಗ, ಉಳಲು ಭೂಮಿ, ಕೂಲಿಯ ದರ ಇವುಗಳ ಮಾತನ್ನೇ ಎತ್ತಲಿಲ್ಲ. ನ್ಯಾಯಾಲಯ ಕಣ್ಣು ಮುಚ್ಚಿಕೊಂಡಿತು. ಗದ್ದೆಯಲ್ಲಿ ಮಾತ್ರ ಎಲ್ಲವೂ ಎಂದಿನಂತೆ ನಡೆಯಿತು.

ಅದೇ ೧೮೪೩ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ಸುದ್ದಿ ಕನ್ನಡದಲ್ಲಿ ಅಚ್ಚಾಗತೊಡಗಿದ ವರ್ಷವೂ ಬಿಡುಗಡೆಯ ವರ್ಷವೂ ಒಂದೇ ಆಗಿರುವುದು ಆಕಸ್ಮಿಕ. ಆದರೆ ಅಕ್ಷರದಿಂದ ದೂರವಿಡಲ್ಪಟ್ಟ ಸಮುದಾಯಕ್ಕೆ ಅಚ್ಚಾದ ಸುದ್ದಿಯೂ ಅಚ್ಚಾದ ಕಾಯ್ದೆಯೂ ಸಮಾನವಾಗಿ ಅಗಮ್ಯವಾಗಿದ್ದವು. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾಗಲು ಭಾರತೀಯ ದಂಡಸಂಹಿತೆ ಜಾರಿಗೆ ಬಂದ ೧೮೬೨ರ ಜನವರಿ ೧ರವರೆಗೆ ಕಾಯಬೇಕಾಯಿತು.

ಒಪ್ಪಂದವೆಂಬ ಹೊಸ ಸಂಕೋಲೆ

ದಂಡಸಂಹಿತೆ ಬರುವ ಹೊತ್ತಿಗೆ ದುಡಿಮೆಯ ಹೊಸ ಕ್ಷೇತ್ರವೊಂದು ತೆರೆದುಕೊಂಡಿತ್ತು. ೧೮೫೪ರಲ್ಲಿ ಜಾನ್ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಕೊಡಗಿನ ಮೊದಲ ಯೂರೋಪಿಯನ್ ಕಾಫಿತೋಟವನ್ನು ಆರಂಭಿಸಿದನು. ಅದಕ್ಕೂ ಮೊದಲೇ ಚಿಕ್ಕಮಗಳೂರು, ಮಂಜರಾಬಾದ್ ಸೀಮೆಗಳಲ್ಲಿ ಇಂತಹ ತೋಟಗಳು ಎದ್ದಿದ್ದವು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಆಳುಗಳು ಬೇಕಾಗಿದ್ದರು. ಮೈಸೂರು ಸೀಮೆಯಿಂದಲೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಮೇಸ್ತ್ರಿಗಳ ಮೂಲಕ ಜನರನ್ನು ಕರೆತರಲಾಗುತ್ತಿತ್ತು. ತೋಟದ ಧಣಿ ಮೇಸ್ತ್ರಿಗೆ ಮುಂಗಡ ಕೊಡುವನು. ಮೇಸ್ತ್ರಿ ಅದರಲ್ಲಿ ಒಂದು ಪಾಲನ್ನು ಆಳಿಗೆ ಕೊಡುವನು. ಆಳು ಘಟ್ಟ ಹತ್ತುವನು. ಮೇಸ್ತ್ರಿಯ ಲೆಕ್ಕವನ್ನು ಓದಲು ಆಳಿಗೆ ಬಾರದು. ಋತು ಮುಗಿದರೂ ಮುಂಗಡ ತೀರದಿದ್ದರೆ ಮುಂದಿನ ಋತುವಿಗೂ ಅವನು ಬದ್ಧ.

ಈ ಬದ್ಧತೆಗೆ ಕಾನೂನಿನ ಬಲವನ್ನು ಕೊಟ್ಟದ್ದು ೧೮೫೯ರ ಹದಿಮೂರನೆಯ ಕಾಯ್ದೆ, ಅಂದರೆ ಕೆಲಸಗಾರರ ಒಪ್ಪಂದ ಭಂಗ ಕಾಯ್ದೆ. ಮೂಲತಃ ಕಲ್ಕತ್ತೆ, ಮದರಾಸು, ಮುಂಬಯಿ ನಗರಗಳ ಯೂರೋಪಿಯನ್ ವ್ಯಾಪಾರಸ್ಥರ ಅನುಕೂಲಕ್ಕಾಗಿ ರೂಪಿತವಾದ ಇದನ್ನು ಬಳಿಕ ತೋಟಗಾರಿಕೆಯ ಸೀಮೆಗಳಿಗೂ ವಿಸ್ತರಿಸಲಾಯಿತು. ಕೊಡಗೂ ಅವುಗಳಲ್ಲಿ ಒಂದು. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳಿನ ಮೇಲೆ ಧಣಿ ಮ್ಯಾಜಿಸ್ಟ್ರೇಟನ ಬಳಿ ದೂರು ಕೊಡಬಹುದಾಗಿತ್ತು. ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟ್ ಆಜ್ಞಾಪಿಸುವನು. ಆಜ್ಞೆಗೆ ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಧಣಿಗೆ ಇಂತಹ ಸಜೆಯನ್ನು ಈ ಕಾಯ್ದೆ ವಿಧಿಸಲಿಲ್ಲ. ಧಣಿಯ ವಚನಭಂಗ ಸಿವಿಲ್ ವ್ಯಾಜ್ಯ, ಆಳಿನ ವಚನಭಂಗ ಸೆರೆಮನೆಯ ವಿಷಯ ಎಂಬ ಈ ಅಸಮಾನತೆಯೇ ಇಡೀ ವ್ಯವಸ್ಥೆಯ ತಿರುಳು.

ಇದೊಂದು ಬಿಡಿ ಕಾನೂನಲ್ಲ. ಹಿಂದಿನ ವರ್ಷ, ೧೮೫೮ರಲ್ಲಿ, ಮದರಾಸು ಕಡ್ಡಾಯ ದುಡಿಮೆ ಕಾಯ್ದೆ ಬಂದಿತ್ತು. ಕೆರೆಯ ಏರಿ, ಕಾಲುವೆಗಳು ಒಡೆಯುವ ಅಪಾಯವಿದ್ದಾಗ ಶ್ರಮಿಕ ವರ್ಗದ ಸಶಕ್ತ ಗಂಡಸರನ್ನು ಕೆಲಸಕ್ಕೆ ಕರೆಯುವ ಅಧಿಕಾರವನ್ನು ಅದು ಅಧಿಕಾರಿಗಳಿಗೆ ನೀಡಿತು. ನೀರು ಎಲ್ಲರದು, ಆದರೆ ಗುದ್ದಲಿ ಹಿಡಿಯುವ ಬಾಧ್ಯತೆ ಶ್ರಮಿಕ ವರ್ಗದ್ದು. ಮರುವರ್ಷ, ೧೮೬೦ರ ದಂಡಸಂಹಿತೆ ತನ್ನ ೩೭೦, ೩೭೧ನೆಯ ಕಲಮುಗಳಲ್ಲಿ ಗುಲಾಮರ ವ್ಯಾಪಾರವನ್ನೂ ೩೭೪ನೆಯ ಕಲಮಿನಲ್ಲಿ ಅಕ್ರಮವಾದ ಒತ್ತಾಯದ ದುಡಿಮೆಯನ್ನೂ ಅಪರಾಧವೆಂದಿತು. ಅದೇ ಸಂಹಿತೆಯ ೪೯೦, ೪೯೨ನೆಯ ಕಲಮುಗಳು ಪ್ರಯಾಣದ ನಡುವೆ ಅಥವಾ ಧಣಿಯ ಖರ್ಚಿನಲ್ಲಿ ದೂರದೇಶಕ್ಕೆ ಕರೆದೊಯ್ದ ಮೇಲೆ ಕೆಲಸ ಬಿಟ್ಟವನನ್ನು ಅಪರಾಧಿಯೆಂದವು. ಅಕ್ರಮವಾದ ಒತ್ತಾಯ ನಿಷಿದ್ಧವಾಯಿತು. ಸಕ್ರಮವಾದ ಒತ್ತಾಯಕ್ಕೆ ಕಾನೂನಿನ ಮನ್ನಣೆ ದೊರೆಯಿತು. ಮೂರು ವರ್ಷಗಳ ಈ ಮೂರು ಶಾಸನಗಳನ್ನು ಒಟ್ಟಿಗೆ ಓದಿದಾಗ ೧೮೪೩ರ ಬಿಡುಗಡೆಯ ಮಿತಿ ಗೋಚರಿಸುತ್ತದೆ.

ಸಾಮ್ರಾಜ್ಯದ ಇತರೆಡೆಗಳಲ್ಲಿಯೂ ಇದೇ ತರ್ಕ ನಡೆದಿತ್ತು. ಗುಲಾಮಗಿರಿ ರದ್ದಾದ ೧೮೩೪ರಲ್ಲಿಯೇ ನವೆಂಬರ್ ೨ರಂದು ‘ಅಟ್ಲಾಸ್’ ಎಂಬ ಹಡಗು ಕರಾರಿನ ಮೇಲೆ ದುಡಿಯಲು ಒಪ್ಪಿದ ೩೬ ಮಂದಿ ಭಾರತೀಯರನ್ನು ಮಾರಿಷಸ್ ದ್ವೀಪಕ್ಕೆ ತಲುಪಿಸಿತು. ಗುಲಾಮನ ಜಾಗಕ್ಕೆ ಕರಾರಿನ ಕೂಲಿ ಬಂದನು. ಕಡಲಾಚೆ ನಡೆದದ್ದೇ ಘಟ್ಟದ ಮೇಲೆ ಸಣ್ಣ ಪ್ರಮಾಣದಲ್ಲಿ ನಡೆಯಿತು.

ದಾರಿ ಹುಡುಕಿದವರು

ಈ ಜನರನ್ನು ಕಾನೂನಿನ ಬಲಿಪಶುಗಳೆಂದಷ್ಟೇ ಚಿತ್ರಿಸುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯವಾದೀತು. ಮೂಲದ ಒಡೆಯನನ್ನು ಬಿಟ್ಟು ಹೋಗಲು ಇನ್ನೊಂದು ಸ್ಥಳ ಇರುವುದೇ ಹಲವರಿಗೆ ದೊಡ್ಡ ಸಂಗತಿಯಾಗಿತ್ತು. ಕಾಫಿತೋಟದ ಮುಂಗಡ ಸಂಕೋಲೆಯಾಗಿದ್ದರೂ ಅದು ನಗದಿನ ರೂಪದಲ್ಲಿತ್ತು. ತಂದೆಯ ಒಡೆಯನಿಗೆ ಮಗನೂ ಆಳಾಗಬೇಕೆಂಬ ನಿಯಮವನ್ನು ಅದು ಸಡ��ಲಿಸಿತು. ಮೊಗ್ಲಿಂಗ್ ೧೮೫೦ರ ದಶಕದಲ್ಲಿ ಕೊಡಗಿಗೆ ಬಂದು, ಮತಾಂತರಗೊಂಡ ಹೊಲೆಯ ಕುಟುಂಬಗಳಿಗಾಗಿ ಆನಂದಪುರವೆಂಬ ನೆಲೆಯನ್ನು ಕಾಫಿತೋಟದೊಂದಿಗೆ ಕಟ್ಟಿದನು. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಆರಂಭವಾಯಿತು. ಗದ್ದೆಯ ಹೊರಗೂ ದುಡಿಮೆಯಿದೆ, ಅದಕ್ಕೆ ನಗದು ಕೂಲಿಯಿದೆ ಎಂಬ ಅರಿವು ಕರಾವಳಿಯಲ್ಲಿ ನಿಧಾನವಾಗಿ ಹರಡಿತು.

ಒಳಗಿನಿಂದಲೂ ಸುಧಾರಣೆಯ ಪ್ರಯತ್ನಗಳಾದವು. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಶಾಲೆ, ವಸತಿ, ಕೈಕಸುಬು ಇವು ಅವರು ಹಿಡಿದ ದಾರಿಗಳು. ೧೮೪೩ರ ಕಾಯ್ದೆ ಮರೆತ ಅಂಶಗಳೇ, ಅಂದರೆ ಅಕ್ಷರ, ನೆಲೆ ಮತ್ತು ಜೀವನೋಪಾಯ, ಅರ್ಧ ಶತಮಾನದ ಬಳಿಕ ಒಬ್ಬ ವ್ಯಕ್ತಿಯ ಸಂಕಲ್ಪದಿಂದ ಆರಂಭವಾಗಬೇಕಾಯಿತು. ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿಯೂ ಅವರು ಈ ಕೆಲಸದಿಂದ ಹಿಂದೆಗೆಯಲಿಲ್ಲ.

ಉಳಿದ ಹೆಸರುಗಳು

೧೮೫೯ರ ಕಾಯ್ದೆಯನ್ನೂ ದಂಡಸಂಹಿತೆಯ ೪೯೦, ೪೯೨ನೆಯ ಕಲಮುಗಳನ್ನೂ ೧೯೨೫ರಲ್ಲಿ ಅಂಗೀಕೃತವಾದ ಕಾಯ್ದೆಯ ಮೂಲಕ ರದ್ದುಗೊಳಿಸಲಾಯಿತು. ರದ್ದತಿ ೧೯೨೬ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆದರೆ ಕೊಡಗಿನಲ್ಲಿ ೧೯೨೬ರಲ್ಲಿಯೇ ಪ್ರತ್ಯೇಕ ಕಾರ್ಮಿಕ ಕಾಯ್ದೆಯೊಂದನ್ನು ತಂದು, ಅದೇ ಬಗೆಯ ದಂಡನೆಯನ್ನು ಇನ್ನೂ ಕೆಲವು ವರ್ಷ ಮುಂದುವರಿಸಲಾಯಿತು. ೧೯೫೦ರ ಸಂವಿಧಾನ ತನ್ನ ೨೩ನೆಯ ಅನುಚ್ಛೇದದಲ್ಲಿ ಬಿಟ್ಟಿ ಚಾಕರಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿತು. ಆದರೂ ೧೯೭೬ರಲ್ಲಿ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯನ್ನು ರೂಪಿಸುವ ಅಗತ್ಯ ಕಂಡುಬಂದಿತು. ದೇಶದ ನಾನಾ ಭಾಗಗಳ ಜೀತದ ರೂಪಗಳನ್ನು ಆ ಕಾಯ್ದೆಯ ವ್ಯಾಖ್ಯಾನ ಭಾಗ ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ‘ಜೀತ’, ‘ವೆಟ್ಟಿ’, ‘ಚೆರುಮರ್’ಗಳ ಜೊತೆಗೆ ‘ಹೊಲ್ಯ’ ಎಂಬ ಶಬ್ದವೂ ಇದೆ. ಒಂದು ಸಮುದಾಯದ ಹೆಸರೇ ಒಂದು ಬಗೆಯ ಬಂಧನದ ಹೆಸರಾಗಿ ಸ್ವತಂತ್ರ ಭಾರತದ ಶಾಸನದಲ್ಲಿ ದಾಖಲಾಯಿತೆಂಬುದು, ೧೮೪೩ರಲ್ಲಿ ಮುಗಿಯಿತೆಂದು ಹೇಳಲಾದ ಪದ್ಧತಿ ಎಷ್ಟು ಕಾಲ ಬಾಳಿತೆಂಬುದಕ್ಕೆ ಸಾಕ್ಷಿ.

ಭೂಮಿಯ ವಿಷಯದಲ್ಲಿಯೂ ಇದೇ ನೆರಳು ಕಾಣುತ್ತದೆ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ದಕ್ಷಿಣ ಕನ್ನಡದ ಅಸಂಖ್ಯ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಅದು ಕರಾವಳಿಯ ಸಮಾಜವನ್ನೇ ಬದಲಿಸಿದ ಕ್ರಾಂತಿಕಾರಕ ಹೆಜ್ಜೆ. ಆದರೆ ಹಕ್ಕು ಸಲ್ಲಬೇಕಾದರೆ ಅರ್ಜಿದಾರ ಗೇಣಿದಾರನಾಗಿರಬೇಕು. ಗೇಣಿಯ ಗದ್ದೆಯಲ್ಲಿಯೂ ಆಳಾಗಿ ದುಡಿದವನಿಗೆ ಗೇಣಿಚೀಟಿ ಇರಲಿಲ್ಲ. ಕೃಷಿ ಕಾರ್ಮಿಕನಾಗಿ ತಾನು ವಾಸವಿದ್ದ ಮನೆಯ ಜಾಗದ ಮೇಲೆ ಮಾತ್ರ ಅವನು ಹಕ್ಕು ಕೇಳಬಹುದಾಗಿತ್ತು. ಮನ್ರೋನ ಕಾಲದ ಕಂದಾಯದ ಲೆಕ್ಕದಲ್ಲಿ ವರ್ಗದಾರನ ಹೆಸರಿತ್ತು, ಆಳಿನ ಹೆಸರಿರಲಿಲ್ಲ. ೧೮೪೩ರ ಬಿಡುಗಡೆಯಲ್ಲಿ ಪಟ್ಟಿಯೇ ಇರಲಿಲ್ಲ. ೧೯೭೪ರಲ್ಲಿ ದಾಖಲೆ ಕೇಳಿದಾಗ ತೋರಿಸಲು ಅವನ ಬಳಿ ಏನೂ ಇರಲಿಲ್ಲ. ವಸಾಹತುಶಾಹಿ ಕಾಲದಲ್ಲಿ ಹಿಂದುಳಿದ ವರ್ಗಗಳಿಗೆಂದು ಕಾದಿರಿಸಿದ, ಕರಾವಳಿಯಲ್ಲಿ ಡಿ.ಸಿ. ಮನ್ನಾ ಎಂದು ಕರೆಯಲಾಗುವ ಭೂಮಿಗಾಗಿ ದಲಿತ ಸಂಘಟನೆಗಳು ನಡೆಸುತ್ತ ಬಂದಿರುವ ಹೋರಾಟದ ಬೇರು ಈ ದೀರ್ಘ ಮೌನದಲ್ಲಿದೆ.

ಕೊರಗರ ಸಂಗತಿ ಇನ್ನೂ ತಡವಾಗಿ ಶಾಸನದ ಗಮನಕ್ಕೆ ಬಂದಿತು. ಕರ್ನಾಟಕ ವಿಧಾನಮಂಡಲ ೨೦೦೦ದಲ್ಲಿ ರೂಪಿಸಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ, ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದೂ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಕೊಡುವುದೂ ಅಪರಾಧವೆಂದು ಸಾರಿತು. ಬುಕಾನನ್ ಇವರನ್ನು ಗುಲಾಮರೆಂದು ಬರೆದುಕೊಂಡು ಎರಡು ಶತಮಾನಗಳು ತುಂಬುತ್ತಿದ್ದ ಕಾಲವದು.

ಬಿಡುಗಡೆ ಒಂದು ದಿನಾಂಕವಲ್ಲವೆಂಬುದನ್ನು ಕೆನರಾ ಮತ್ತು ಕೊಡಗಿನ ಚರಿತ್ರೆ ಸ್ಪಷ್ಟಪಡಿಸುತ್ತದೆ. ಒಡೆಯನ ಹಕ್ಕನ್ನು ನಿರಾಕರಿಸುವುದು ಅದರ ಮೊದಲ ಹೆಜ್ಜೆ ಮಾತ್ರ. ನಿಲ್ಲಲು ನೆಲ, ಓದಲು ಅಕ್ಷರ, ಕೆಲಸವನ್ನು ನಿರಾಕರಿಸಿಯೂ ಬದುಕುವ ಶಕ್ತಿ ದೊರೆತಾಗಲೇ ಅದು ಪೂರ್ಣಗೊಳ್ಳುತ್ತದೆ. ಬ್ರಿಟಿಷ್ ಸಾಮ್ರಾಜ್ಯ ಮೊದಲ ಹೆಜ್ಜೆಯನ್ನಿಟ್ಟು, ಹದಿನಾರೇ ವರ್ಷಗಳಲ್ಲಿ ಮುಂಗಡದ ಕಾನೂನಿನ ಮೂಲಕ ಅರ್ಧ ಹೆಜ್ಜೆ ಹಿಂದೆಗೆಯಿತು. ಉಳಿದ ಹೆಜ್ಜೆಗಳನ್ನು ಆಳುಗಳೆನಿಸಿಕೊಂಡವರ ಮಕ್ಕಳೂ ಮೊಮ್ಮಕ್ಕಳೂ ತಾವೇ ಇಡುತ್ತ ಬಂದಿದ್ದಾರೆ. ಕರ್ನಾಟಕದ ಕಾರ್ಮಿಕ ಚರಿತ್ರೆಯನ್ನು ಬರೆಯುವಾಗ ಕಾಯ್ದೆಗಳ ವರ್ಷಗಳ ಜೊತೆಗೆ ಈ ನಡಿಗೆಯ ದೂರವನ್ನೂ ಅಳೆಯುವುದು ಅಗತ್ಯ.